ಅಳಿವೆಯ ನೀರಿನಲ್ಲಿ ಅಡಗಿದ ಅಣುಗಳು

ಪಟ್ಟಣವೊಂದರ ಕೊಳಚೆ ನೀರಿನ ಪರೀಕ್ಷಾ ವರದಿಯಲ್ಲಿ ಸಾಮಾನ್ಯವಾಗಿ ಐದಾರು ಸಾಲುಗಳಿರುತ್ತವೆ: ಪಿಎಚ್, ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ), ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ), ತೇಲುವ ಘನಕಣ, ಎಣ್ಣೆ-ಜಿಡ್ಡು, ಮಲಜನ್ಯ ಕೋಲಿಫಾರ್ಮ್. ಕೋಲಿಫಾರ್ಮ್ ಮತ್ತು ಪಿಎಚ್ ಬಿಟ್ಟರೆ ಉಳಿದದ್ದೆಲ್ಲ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ನೀರು ಕೊಳೆತಿದೆಯೇ, ಮೀನಿಗೆ ಬೇಕಾದ ಆಮ್ಲಜನಕ ಉಳಿದಿದೆಯೇ ಎಂಬುದನ್ನು ಈ ಸಾಲುಗಳು ಹೇಳುತ್ತವೆ. ರೋಗಿ ನುಂಗಿದ ಆಂಟಿಬಯೋಟಿಕ್‌ನ ಉಳಿಕೆ ಆ ನೀರಿನಲ್ಲಿದೆಯೇ, ಗುಡ್ಡದ ತೋಟದಿಂದ ಇಳಿದ ಕೀಟನಾಶಕವಿದೆಯೇ, ದೋಣಿಯ ಡೀಸೆಲ್ಲಿನಿಂದ ಬಂದ ಹೈಡ್ರೋಕಾರ್ಬನ್ ಇದೆಯೇ ಎಂದು ಕೇಳಿದರೆ ಅದೇ ವರದಿ ಸುಮ್ಮನಾಗುತ್ತದೆ. ಏಕೆಂದರೆ ಇವು ಇರುವುದು ಲೀಟರಿಗೆ ಕೆಲವು ನ್ಯಾನೋಗ್ರಾಂ, ಹೆಚ್ಚೆಂದರೆ ಕೆಲವು ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷ ನ್ಯಾನೋಗ್ರಾಂ.

ಇಷ್ಟು ಅಲ್ಪವಾದದ್ದನ್ನು ಹಿಡಿಯಬೇಕಾದರೆ ಮೊದಲು ಅದನ್ನು ನೀರಿನಿಂದ ಬೇರ್ಪಡಿಸಿ ಒಂದೆಡೆ ಕೂಡಿಸಬೇಕು. ಆ ಕೆಲಸಕ್ಕೆ ಇಂದು ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ದಾರಿ ಘನಹಂತ ನಿಷ್ಕರ್ಷಣೆ, ಪ್ರಯೋಗಾಲಯದವರ ಬಾಯಲ್ಲಿ ಎಸ್‌ಪಿಇ. ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾಗಳಿಗೆ ಇದು ದೂರದ ವಿಷಯವಲ್ಲ. ಮೂರೂ ಊರುಗಳ ಕೊಳಚೆ ಕೊನೆಗೆ ಸೇರುವುದು ಜನ ಮೀನು ಹಿಡಿಯುವ, ಬಳಚು ಬಗೆಯುವ, ಗಜನಿ ಎಂಬ ಉಪ್ಪುನೀರಿನ ಗದ್ದೆಗೆ ನೀರು ಬಿಡುವ ಹೊಳೆ-ಅಳಿವೆಗಳಿಗೇ.

ವಿಧಾನದ ಚರಿತ್ರೆ ಚಿಕ್ಕದು. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನದಿ ನೀರನ್ನು ಇದ್ದಿಲಿನ ಮೂಲಕ ಹಾಯಿಸಿ ಅದರಲ್ಲಿ ಅಂಟಿಕೊಂಡ ಸಾವಯವ ವಸ್ತುಗಳನ್ನು ತೂಗುತ್ತಿದ್ದರು. ಇದ್ದಿಲು ಹಿಡಿದದ್ದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂಬುದು ಅದರ ತೊಡಕು. 1970ರ ದಶಕದಲ್ಲಿ ಎಕ್ಸ್‌ಎಡಿ ಎಂಬ ರಾಳದ ಮಣಿಗಳು ಬಂದವು. 1978ರಲ್ಲಿ ವಾಟರ್ಸ್ ಕಂಪನಿ ಸೆಪ್-ಪ್ಯಾಕ್ ಎಂಬ, ಒಮ್ಮೆ ಬಳಸಿ ಬಿಸಾಡುವ ಪುಟ್ಟ ಕೊಳವೆಯನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ಇದ್ದದ್ದು ಸಿಲಿಕಾ ಪುಡಿ. ಆ ಪುಡಿಯ ಮೈಗೆ ಹದಿನೆಂಟು ಇಂಗಾಲದ ಉದ್ದದ ಸರಪಣಿ. ಸಿ18 ಎಂದು ಇಂದಿಗೂ ಕರೆಯುವುದು ಅದನ್ನೇ. 1996ರಲ್ಲಿ ಅದೇ ಕಂಪನಿ ತಂದ ಎಚ್‌ಎಲ್‌ಬಿ ಎಂಬ ಪಾಲಿಮರ್ ನೀರನ್ನೂ ಜಿಡ್ಡನ್ನೂ ಒಟ್ಟಿಗೆ ಒಪ್ಪಿಕೊಂಡಿತು. ಔಷಧಿಯ ಅಣುಗಳಲ್ಲಿ ನೀರಿಗೆ ಒಲಿಯುವವೂ ಇವೆ, ಒಲಿಯದವೂ ಇವೆ. ಎರಡನ್ನೂ ಒಂದೇ ಕೊಳವೆಯಲ್ಲಿ ಹಿಡಿಯಬಹುದಾದದ್ದು ಆಮೇಲೆಯೇ. ಕೊಳಚೆ ನೀರಿನಲ್ಲಿ ಔಷಧಿ ಹುಡುಕುವ ಸಂಶೋಧನೆ ನಂತರದ ದಶಕದಲ್ಲಿ ಏಕಾಏಕಿ ಹೆಚ್ಚಿದ್ದಕ್ಕೆ ಈ ಪುಡಿಯೂ ಒಂದು ಕಾರಣ.

ಎಸ್‌ಪಿಇಗೂ ಮೊದಲಿನ ದಾರಿ ಡೈಕ್ಲೋರೋಮೀಥೇನ್ ದ್ರಾವಕದ್ದು. ಒಂದು ಲೀಟರ್ ನೀರಿಗೆ ಅರವತ್ತು ಮಿಲಿಲೀಟರಿನಂತೆ ಮೂರು ಸಲ ದ್ರಾವಕ ಸುರಿದು, ಗಾಜಿನ ಆಲಿಕೆಯಲ್ಲಿ ಕುಲುಕಿ, ಕೆಳಗಿಳಿದ ಪದರವನ್ನು ಬೇರೆ ಮಾಡಬೇಕು. ಶುದ್ಧ ನೀರಾದರೆ ಪದರ ಚೆನ್ನಾಗಿ ಬೇರೆಯಾಗುತ್ತದೆ. ಸಾಬೂನು, ಜಿಡ್ಡು ತುಂಬಿದ ಕೊಳಚೆಯಲ್ಲಿ ನಡುವೆ ಬಿಳಿ ನೊರೆಯ ಪದರ ನಿಂತು ಗಂಟೆಗಟ್ಟಲೆ ಕದಲುವುದಿಲ್ಲ. ಆ ದ್ರಾವಕವೂ ಆರೋಗ್ಯಕ್ಕೆ ಒಳ್ಳೆಯದಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2024ರಲ್ಲಿ ಅದರ ಬಹುತೇಕ ಬಳಕೆಗಳನ್ನು ನಿಷೇಧಿಸಿ, ಪ್ರಯೋಗಾಲಯಗಳಿಗೆ ಕಟ್ಟುನಿಟ್ಟಿನ ಷರತ್ತು ಹಾಕಿತು. ಅದಕ್ಕೆ ಮೊದಲೇ, 2017ರಲ್ಲಿ, ಕೊಳಚೆ ನೀರಿನ ಕ್ಲೋರಿನ್‌ಯುಕ್ತ ಕೀಟನಾಶಕಗಳ ಪರೀಕ್ಷೆಗಿರುವ ತನ್ನ 608.3 ವಿಧಾನದಲ್ಲಿ ಎಸ್‌ಪಿಇ ತಟ್ಟೆಗಳಿಗೆ ಅದು ಒಪ್ಪಿಗೆ ಕೊಟ್ಟಿತ್ತು.

ಈಗ ಕೊಳವೆಯನ್ನು ಹತ್ತಿರದಿಂದ ನೋಡಬೇಕು. ಆರು ಮಿಲಿಲೀಟರ್ ಹಿಡಿಯುವ, ಸೂಜಿ ಇಲ್ಲದ ಪ್ಲಾಸ್ಟಿಕ್ ಸಿರಿಂಜು. ತಳದಲ್ಲಿ ಎರಡು ಬಿಳಿ ಬಿಲ್ಲೆಗಳ ನಡುವೆ ಇನ್ನೂರರಿಂದ ಐನೂರು ಮಿಲಿಗ್ರಾಂ ಪುಡಿ. ಮೊದಲು ಮೆಥನಾಲ್ ಹಾಯಿಸಿ ಪುಡಿಯ ಸರಪಣಿಗಳನ್ನು ಬಿಚ್ಚಿಕೊಳ್ಳುವಂತೆ ಮಾಡುತ್ತಾರೆ, ಆಮೇಲೆ ಶುದ್ಧ ನೀರು. ಸಿ18 ಆದರೆ ಈ ಹಂತದ ನಂತರ ಪುಡಿ ಒಣಗಬಾರದು. ಒಣಗಿದರೆ ಸರಪಣಿಗಳು ಮತ್ತೆ ಮುದುಡಿಕೊಂಡು ಹಿಡಿತ ತಪ್ಪುತ್ತದೆ. ನಂತರ ಮಾದರಿ ನೀರು, ನಿಮಿಷಕ್ಕೆ ಐದರಿಂದ ಹತ್ತು ಮಿಲಿಲೀಟರ್ ವೇಗದಲ್ಲಿ. ಅರ್ಧ ಲೀಟರ್ ಇಳಿಯಲು ಐವತ್ತರಿಂದ ನೂರು ನಿಮಿಷ ಬೇಕು. ಅವಸರ ಮಾಡಿ ಪಂಪಿನ ಒತ್ತಡ ಏರಿಸಿದರೆ ಅಣುಗಳು ಪುಡಿಗೆ ಅಂಟುವ ಮೊದಲೇ ನೀರಿನೊಂದಿಗೆ ಹೊರಟುಹೋಗುತ್ತವೆ. ಕಾಂಡ್ಲಾ ಕಾಡಿನ ನೀರಾದರೆ ಪುಡಿಯ ಮೇಲ್ಪದರದಲ್ಲಿ ಕಂದು ಬಣ್ಣದ ಪಟ್ಟಿಯೊಂದು ನಿಧಾನಕ್ಕೆ ಮೂಡುತ್ತದೆ. ಅದು ಎಲೆ ಕೊಳೆತು ಬಂದ ಹ್ಯೂಮಿಕ್ ಆಮ್ಲ. ಎಲ್ಲ ನೀರು ಇಳಿದ ಮೇಲೆ ಸ್ವಲ್ಪ ಶುದ್ಧ ನೀರಿನಿಂದ ಉಪ್ಪನ್ನು ತೊಳೆದು, ಗಾಳಿ ಎಳೆದು ಪುಡಿಯನ್ನು ಒಣಗಿಸಿ, ಕೆಲವು ಮಿಲಿಲೀಟರ್ ಮೆಥನಾಲ್ ಅಥವಾ ಈಥೈಲ್ ಅಸಿಟೇಟ್ ಹಾಯಿಸಿದರೆ ಸಿಕ್ಕಿಬಿದ್ದದ್ದೆಲ್ಲ ಕಳಚಿ ಬರುತ್ತದೆ. ಅದರ ಮೇಲೆ ನೈಟ್ರೋಜನ್ ಊದಿ ಅರ್ಧ ಮಿಲಿಲೀಟರಿಗೆ ಇಳಿಸುತ್ತಾರೆ. ಅರ್ಧ ಲೀಟರಿನಲ್ಲಿದ್ದದ್ದು ಅರ್ಧ ಮಿಲಿಲೀಟರಿಗೆ ಬಂತು, ಅಂದರೆ ಸಾವಿರ ಪಟ್ಟು ಸಾಂದ್ರವಾಯಿತು. ಆಮೇಲಿನದು ಯಂತ್ರದ ಕೆಲಸ: ಆವಿಯಾಗುವಂಥ ಅಣುಗಳಿಗೆ ಜಿಸಿ-ಎಂಎಸ್, ಉಳಿದವಕ್ಕೆ ಎಲ್‌ಸಿ-ಎಂಎಸ್.

ಉಪ್ಪಿನ ಮಾತು ಬಂದದ್ದರಿಂದ ಅಳಿವೆಯ ವಿಶೇಷ ತೊಡಕೊಂದನ್ನು ಇಲ್ಲಿಯೇ ಹೇಳಬೇಕು. ಸಿಒಡಿ ಪರೀಕ್ಷೆಯಲ್ಲಿ ಬಳಸುವ ಡೈಕ್ರೋಮೇಟ್ ಕ್ಲೋರೈಡನ್ನೂ ಉತ್ಕರ್ಷಿಸುತ್ತದೆ. ಅದನ್ನು ತಡೆಯಲು ಪಾದರಸದ ಸಲ್ಫೇಟ್ ಹಾಕುತ್ತಾರೆ, ಆದರೂ ಲೀಟರಿಗೆ ಎರಡು ಸಾವಿರ ಮಿಲಿಗ್ರಾಂ ಕ್ಲೋರೈಡ್ ದಾಟಿದರೆ ಸಾಮಾನ್ಯ ಸಿಒಡಿ ವಿಧಾನ ನಂಬಿಕೆಗೆ ಅರ್ಹವಲ್ಲ. ಸಮುದ್ರದ ನೀರಿನಲ್ಲಿ ಕ್ಲೋರೈಡ್ ಸುಮಾರು ಹತ್ತೊಂಬತ್ತು ಸಾವಿರ ಮಿಲಿಗ್ರಾಂ ಇರುತ್ತದೆ. ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕಡಲ ನೀರು ಬೆರೆತರೂ ಮಿತಿ ಮೀರಿತು. ಬೇಸಿಗೆಯಲ್ಲಿ ಕುಮಟಾದ ಅಘನಾಶಿನಿ ಹೊಳೆಯ ಕೆಳಭಾಗದಲ್ಲಿ ಉಬ್ಬರದ ಹೊತ್ತಿಗೆ ಬೆರೆಯುವುದು ಇದಕ್ಕಿಂತ ಎಷ್ಟೋ ಹೆಚ್ಚು. ಒಳನಾಡಿನ ನದಿಗೆಂದು ರೂಪಿಸಿದ ಪರೀಕ್ಷೆಯನ್ನು ಅಳಿವೆಗೆ ಹಾಗೆಯೇ ತಂದು ಹಾಕಿದರೆ ಸಿಗುವ ಅಂಕಿ ಕೊಳಚೆಯದೋ ಉಪ್ಪಿನದೋ ಹೇಳಲಾಗದು. ಎಸ್‌ಪಿಇಗೆ ಈ ಬಾಧೆ ಬಹಳ ಕಡಿಮೆ: ಉಪ್ಪು ಪುಡಿಗೆ ಅಂಟದೆ ಕೆಳಗಿಳಿದುಹೋಗುತ್ತದೆ, ಅಂಟಿದ ಅಲ್ಪಸ್ವಲ್ಪವೂ ತೊಳೆಯುವಾಗ ಹೋಗುತ್ತದೆ.

ಮೂರೂ ಊರುಗಳ ಹೊಳೆಗಳು ಒಂದೇ ಬಗೆಯವಲ್ಲ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ; ಶಿರಸಿಯಲ್ಲಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವವರೆಗೂ ತನ್ನ ಪಾಡಿಗೆ ಹರಿಯುತ್ತದೆ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಶರಾವತಿಯದು ಬೇರೆ ಕಥೆ. 1964ರ ಲಿಂಗನಮಕ್ಕಿ, ಅದರ ಕೆಳಗೆ ಗೇರುಸೊಪ್ಪೆ. ವಿದ್ಯುತ್ ಉತ್ಪಾದಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹೊನ್ನಾವರದ ಅಳಿವೆಗೆ ಬರುತ್ತಲೇ ಇರುತ್ತದೆ. ಅಳಿವೆಯ ಉಪ್ಪು ಇಳಿದು ಅಲ್ಲಿಯ ಚಿಪ್ಪುಜೀವಿಗಳು ಬಹುತೇಕ ಮರೆಯಾದವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ದಾಖಲಿಸಿದ್ದಾರೆ. ಒಂದೇ ಪ್ರಮಾಣದ ಕೊಳಚೆ ಎರಡೂ ಕಡೆ ಬಿದ್ದರೂ ಶರಾವತಿಯಲ್ಲಿ ಅದು ವರ್ಷವಿಡೀ ತೆಳುವಾಗುತ್ತದೆ. ಅಘನಾಶಿನಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಉಬ್ಬರ-ಇಳಿತದ ನಡುವೆ ಹಿಂದೆ ಮುಂದೆ ತೂಗಾಡಿ ನಿಲ್ಲುತ್ತದೆ. ಭಟ್ಕಳದ ಶರಾಬಿ ಹೊಳೆ ಇವೆರಡಕ್ಕೂ ಹೋಲಿಕೆಯಿಲ್ಲದಷ್ಟು ಚಿಕ್ಕದು, ಪಟ್ಟಣದ ಮಧ್ಯದಲ್ಲೇ ಹರಿಯುವಂಥದು. ಬೇಸಿಗೆಯಲ್ಲಿ ಅದರಲ್ಲಿ ತೆಳುವಾಗಿಸಲು ನೀರೇ ಇರುವುದಿಲ್ಲ.

ಭಟ್ಕಳದ ಪ್ರಶ್ನೆಯೇ ಎಸ್‌ಪಿಇಯ ಉಪಯೋಗವನ್ನು ಚೆನ್ನಾಗಿ ತೋರಿಸುತ್ತದೆ. ಒಳಚರಂಡಿಯ ಕೊಳಚೆ ಶರಾಬಿ ಹೊಳೆಗೆ ಸೇರುತ್ತಿದೆ, ಗೌಸಿಯಾ ಸ್ಟ್ರೀಟ್ ಸುತ್ತಲಿನ ಬಾವಿಗಳು ಕೆಟ್ಟಿವೆ ಎಂಬ ನಿವಾಸಿಗಳ ದೂರು ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಿದೆ. ಬಾವಿಯಲ್ಲಿ ಕೋಲಿಫಾರ್ಮ್ ಸಿಕ್ಕರೆ ಅದು ದನದ ಕೊಟ್ಟಿಗೆಯದೂ ಆಗಿರಬಹುದು, ಹಕ್ಕಿಯದೂ ಆಗಿರಬಹುದು ಎಂದು ವಾದಿಸಲು ಅವಕಾಶವಿದೆ. ಕಾರ್ಬಮಜೆಪೈನ್ ಸಿಕ್ಕರೆ ಆ ಅವಕಾಶ ಮುಚ್ಚಿಹೋಗುತ್ತದೆ. ಅದು ಮೂರ್ಛೆರೋಗಕ್ಕೆ ಮನುಷ್ಯ ನುಂಗುವ ಮಾತ್ರೆ. ಶುದ್ಧೀಕರಣ ಘಟಕಗಳಲ್ಲೂ ಹೆಚ್ಚಾಗಿ ನಾಶವಾಗದೆ ಹಾದುಹೋಗುತ್ತದೆ, ಮಣ್ಣಿನಲ್ಲೂ ಬೇಗ ಒಡೆಯುವುದಿಲ್ಲ. ಸಕ್ಕರೆ ಕಾಯಿಲೆಯವರು ಬಳಸುವ ಸುಕ್ರಲೋಸ್ ಎಂಬ ಕೃತಕ ಸಿಹಿಯೂ ಹಾಗೆಯೇ. ಕೆಫೀನ್ ಬೇಗ ಒಡೆಯುವಂಥದು. ಅದು ಸಿಕ್ಕಿದರೆ ಕೊಳಚೆ ತಾಜಾ ಎಂದರ್ಥ. ಈ ಮೂರನ್ನೂ ಒಂದೇ ಎಚ್‌ಎಲ್‌ಬಿ ಕೊಳವೆಯಲ್ಲಿ ಹಿಡಿದು ನೋಡಿದರೆ ಬಾವಿಗೆ ಬಂದದ್ದು ಮನುಷ್ಯರ ಕೊಳಚೆಯೇ, ಹೊಸದೇ ಹಳೆಯದೇ ಎಂಬ ಜಗಳಕ್ಕೆ ಪುರಾವೆ ಸಿಗುತ್ತದೆ. ಕರಾವಳಿಯ ಚಿರೇಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುತ್ತದೆ. ಇಂಗುಗುಂಡಿಯೂ ಕುಡಿಯುವ ನೀರಿನ ಬಾವಿಯೂ ಒಂದೇ ಅಂಗಳದಲ್ಲಿರುವ ಮನೆಗಳು ಮೂರೂ ತಾಲ್ಲೂಕಿನಲ್ಲಿವೆ. ಆದ್ದರಿಂದ ಇದು ಒಂದು ಬೀದಿಯ ಪ್ರಶ್ನೆಯಲ್ಲ.

ಇದೇ ಕರಾವಳಿಯಲ್ಲಿ ಇಂಥ ಕೆಲಸ ನಡೆದೇ ಇಲ್ಲ ಎನ್ನುವಂತಿಲ್ಲ. ಮಣಿಪಾಲ ತಾಂತ್ರಿಕ ಸಂಸ್ಥೆಯ ಕೇಶವ ಬಾಲಕೃಷ್ಣ ಮತ್ತು ಸಂಗಡಿಗರು ಜಪಾನಿನ ಸಂಶೋಧಕರ ಜತೆಗೂಡಿ ದಕ್ಷಿಣ ಭಾರತದ ನಾಲ್ಕು ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಆಂಟಿಬಯೋಟಿಕ್‌ಗಳು ಎಷ್ಟು ಒಳಬರುತ್ತವೆ, ಎಷ್ಟು ಉಳಿದು ಹೊರಹೋಗುತ್ತವೆ ಎಂದು ಅಳೆದು 2016ರಲ್ಲಿ ಪ್ರಕಟಿಸಿದರು. ನೈಋತ್ಯ ಭಾರತದ ಎರಡು ನದಿಗಳಲ್ಲಿ ಔಷಧಿ ಉಳಿಕೆಗಳ ಮೊದಲ ವರದಿಯೂ ಅದೇ ತಂಡದಿಂದ 2020ರಲ್ಲಿ ಬಂತು. ದೇಶದಲ್ಲಿ ಇಂಥ ಅಧ್ಯಯನಕ್ಕೆ ಗಮನ ಬಂದದ್ದು ಹೈದರಾಬಾದ್ ಬಳಿಯ ಪಟಾನ್‌ಚೆರುವಿನಿಂದ. ಅಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯ ಶುದ್ಧೀಕರಿಸುವ ಘಟಕದಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದುದನ್ನು ಸ್ವೀಡನ್ನಿನ ಜೋಕಿಮ್ ಲಾರ್ಸನ್ ತಂಡ 2007ರಲ್ಲಿ ವರದಿ ಮಾಡಿತು. ಅಂಥ ನೀರನ್ನು ಸಾವಿರ ಪಟ್ಟು ಸಾಂದ್ರಗೊಳಿಸುವ ಅಗತ್ಯವೇ ಇಲ್ಲ. ಅಂಥ ಕಾರ್ಖಾನೆಗಳಿಲ್ಲದ ಕುಮಟಾ-ಹೊನ್ನಾವರದಂಥ ಕಡೆ ಆಸ್ಪತ್ರೆ, ಲಾಡ್ಜು, ಮನೆಗಳಿಂದ ಬರುವ ತೆಳು ಪ್ರಮಾಣವನ್ನು ಹುಡುಕುವಾಗ ಎಸ್‌ಪಿಇ ಅನಿವಾರ್ಯ.

ಈ ಮೂರು ತಾಲ್ಲೂಕಿಗೆ ಇನ್ನೊಂದು ಅಣುವಿನ ಹಳೆಯ ಋಣವಿದೆ: ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಚರಿತ್ರೆ ದಕ್ಷಿಣ ಕನ್ನಡದಂತೆ ಉತ್ತರ ಕನ್ನಡಕ್ಕೂ ಇದೆ. ಸರ್ಕಾರ ಗುರುತಿಸಿದ ಬಾಧಿತರು ಭಟ್ಕಳ, ಹೊನ್ನಾವರ, ಕುಮಟಾದಲ್ಲೂ ಇದ್ದಾರೆ. ನೀರಿನಲ್ಲಿ ಅದು ಇತ್ತೇ ಇಲ್ಲವೇ ಎಂಬ ವಿವಾದ ಜಗತ್ತಿಗೆ ಗೊತ್ತಾದದ್ದು ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆಯಿಂದ. ಅಲ್ಲಿನ ವೈದ್ಯ ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಎತ್ತಿದ ದನಿಯ ಬೆನ್ನಿಗೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ಪಡ್ರೆಯ ಮಾದರಿಗಳಲ್ಲಿ ಎಂಡೋಸಲ್ಫಾನ್ ಉಳಿಕೆ ಇದೆಯೆಂದಿತು. ಅದೇ ವರ್ಷ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ ಮಾಡಿಸಿದ ತಮಿಳುನಾಡಿನ ಫಿಪ್ಪಾಟ್ ಸಂಸ್ಥೆಯ ಅಧ್ಯಯನ ಇದಕ್ಕೆ ವಿರುದ್ಧವಾದ ತೀರ್ಮಾನಕ್ಕೆ ಬಂತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ತನ್ನ ಅಧ್ಯಯನದಲ್ಲಿ ನೀರಿನಲ್ಲೂ ಮಕ್ಕಳ ರಕ್ತದಲ್ಲೂ ಉಳಿಕೆ ಕಂಡಿತು. ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನಿಗೆ ತಡೆ ನೀಡಿದ್ದು 2011ರ ಮೇ 13ರಂದು. ಅದಕ್ಕೆ ಸ್ವಲ್ಪ ಮುಂಚೆ, ಏಪ್ರಿಲ್‌ನಲ್ಲಿ, ಸ್ಟಾಕ್‌ಹೋಮ್ ಒಪ್ಪಂದದ ದೀರ್ಘಕಾಲ ಉಳಿಯುವ ಮಾಲಿನ್ಯಕಾರಕಗಳ ಪಟ್ಟಿಗೆ ಅದು ಸೇರಿತ್ತು.

ಎರಡು ಪ್ರಯೋಗಾಲಯಗಳು ಒಂದೇ ಊರಿನ ಬಗ್ಗೆ ಎದುರುಬದುರು ಮಾತಾಡಿದಾಗ ಪೆಟ್ಟು ತಿಂದದ್ದು ಪಡ್ರೆಯ ಜನ. ಮಾದರಿ ತೆಗೆಯುವ, ಸಾರ ಇಳಿಸುವ ಹಂತ ಎಷ್ಟು ಮುಖ್ಯ ಎಂಬುದಕ್ಕೆ ಎಂಡೋಸಲ್ಫಾನ್‌ನ ಗುಣವೇ ಸಾಕ್ಷಿ. ಅದು ನೀರಿನಲ್ಲಿ ಕರಗುವುದು ಅತ್ಯಲ್ಪ, ಕೆಸರಿನ ಕಣಕ್ಕೆ ಅಂಟಿಕೊಳ್ಳುವುದು ಹೆಚ್ಚು. ಕೊಳವೆ ಕಟ್ಟಿಕೊಳ್ಳದಿರಲೆಂದು ಎಸ್‌ಪಿಇಗೆ ಮೊದಲು ನೀರನ್ನು 0.7 ಮೈಕ್ರಾನ್ ಗಾಜಿನ ನಾರಿನ ಹಾಳೆಯಲ್ಲಿ ಸೋಸುವುದು ರೂಢಿ. ಜೂನ್ ತಿಂಗಳ ಕೆಂಪು ನೀರನ್ನು ಹೀಗೆ ಸೋಸಿ ಹಾಳೆಯನ್ನು ಎಸೆದರೆ ಹುಡುಕುತ್ತಿದ್ದ ವಿಷದ ದೊಡ್ಡ ಪಾಲು ಕಸದ ಬುಟ್ಟಿಗೆ ಹೋಯಿತು. ಉಳಿದ ನೀರಿನ ವರದಿ ‘ಪತ್ತೆಯಾಗಿಲ್ಲ’ ಎಂದೇ ಬರುತ್ತದೆ. ಹಾಳೆಯನ್ನೂ ದ್ರಾವಕದಲ್ಲಿ ನೆನೆಸಿ ಬೇರೆಯಾಗಿ ಅಳೆಯಬೇಕು. ಪ್ಲಾಸ್ಟಿಕ್ ಬಾಟಲಿಯ ಗೋಡೆಗೂ ಅದು ಅಂಟುವುದರಿಂದ ಕಂದು ಗಾಜಿನ ಬಾಟಲಿಯೇ ಬೇಕು. ಆಲ್ಫಾ, ಬೀಟಾ ರೂಪಗಳ ಜತೆಗೆ ಮಣ್ಣಿನಲ್ಲಿ ಅದು ಮಾರ್ಪಟ್ಟು ಆಗುವ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವ ಎಂಡೋಸಲ್ಫಾನ್ ಸಲ್ಫೇಟನ್ನೂ ನೋಡಬೇಕು. ಭಾರತೀಯ ಮಾನಕದ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 0.4 ಮೈಕ್ರೋಗ್ರಾಂ ಈ ಮೂರಕ್ಕೂ ಸೇರಿದ್ದು. ಅಡಿಕೆ ತೋಟದ ಬೋರ್ಡೋ ದ್ರಾವಣದ ತಾಮ್ರ ಮಾತ್ರ ಈ ಕೊಳವೆಗೆ ಸಿಗುವುದಿಲ್ಲ. ಅದು ಲೋಹ, ಅದಕ್ಕೆ ಬೇರೆ ಪರೀಕ್ಷೆ ಇದೆ.

ಎಸ್‌ಪಿಇ ಸುಳ್ಳು ಹೇಳುವ ಸಂದರ್ಭಗಳೂ ಇವೆ. ಹ್ಯೂಮಿಕ್ ಆಮ್ಲ, ಘಟ್ಟದ ಮೇಲಿನ ಅಡಿಕೆ ಚೊಗರಿನಂಥ ಪಾಲಿಫಿನಾಲ್‌ಗಳು ಪುಡಿಯ ಮೇಲಿನ ಜಾಗ ಆಕ್ರಮಿಸುತ್ತವೆ. ಮೆಥನಾಲಿನಲ್ಲಿ ಕಳಚಿ ಬಂದಾಗ ಯಂತ್ರದೊಳಗೆ ಔಷಧಿ ಅಣುವಿನ ಸಂಕೇತವನ್ನು ಅಡಗಿಸುತ್ತವೆ. ಪರಿಹಾರ ಗೊತ್ತಿರುವಂಥದೇ. ಹೈಡ್ರೋಜನ್ ಬದಲು ಡ್ಯೂಟೀರಿಯಂ ಹೊತ್ತ ಅದೇ ಔಷಧಿಯ ಅಣುವನ್ನು ಅಳತೆ ಮಾಡಿ ಮಾದರಿಗೆ ಮೊದಲೇ ಬೆರೆಸುವುದು. ಅದು ಎಷ್ಟು ಕಳೆದುಹೋಯಿತೋ ನಿಜವಾದದ್ದೂ ಅಷ್ಟೇ ಕಳೆದುಹೋಗಿದೆ ಎಂದು ಲೆಕ್ಕ ಹಾಕಬಹುದು. ಜತೆಗೆ ಶುದ್ಧ ನೀರಿನ ಖಾಲಿ ಮಾದರಿಯೊಂದು ಹೊಳೆದಂಡೆಗೂ ಹೋಗಿ ಬರಬೇಕು. ಮಾದರಿ ತೆಗೆದವರು ಕುಡಿದ ಚಹಾದ ಕೆಫೀನ್ ಕೈಯಿಂದ ಬಾಟಲಿಗೆ ಬರುವುದು ಅಪರೂಪವಲ್ಲ. ಬೆರೆಸಿದ್ದರಲ್ಲಿ ಎಷ್ಟು ಪಾಲು ಮರಳಿ ಸಿಕ್ಕಿತು, ಖಾಲಿ ಮಾದರಿಯಲ್ಲಿ ಏನಿತ್ತು ಎಂಬ ಎರಡು ಸಾಲು ಇಲ್ಲದ ವರದಿಯನ್ನು ಯಾವ ಪಂಚಾಯಿತಿಯೂ ಒಪ್ಪಿಕೊಳ್ಳಬಾರದು.

ಹೊಸ ದಾರಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಈಗಿನ ಎಲ್‌ಸಿ-ಎಂಎಸ್ ಯಂತ್ರಗಳು ಎಷ್ಟು ಸೂಕ್ಷ್ಮವೆಂದರೆ ಗಾಢ ಕೊಳಚೆಯನ್ನು ಸೋಸಿ ನೇರವಾಗಿ ಹಾಕಿದರೂ ಹಲವು ಔಷಧಿಗಳು ಕಾಣುತ್ತವೆ. ಪಿಎಫ್‌ಎಎಸ್ ಎಂಬ ಫ್ಲೋರಿನ್‌ಯುಕ್ತ ರಾಸಾಯನಿಕಗಳಿಗೆ ಋಣಾತ್ಮಕ ಅಯಾನುಗಳನ್ನು ಹಿಡಿಯುವ ಬೇರೆ ಪುಡಿ ಇದೆ. ಇಪಿಎಯ 2024ರ 1633 ವಿಧಾನ ಅದನ್ನೇ ಬಳಸುತ್ತದೆ. ಕರಾವಳಿಗೆ ನಿಜಕ್ಕೂ ಒಗ್ಗುವುದು ಪೋಸಿಸ್ ಎಂಬ ಸಾಧನ: ಎರಡು ಪೊರೆಗಳ ನಡುವೆ ಎಚ್‌ಎಲ್‌ಬಿ ಪುಡಿ ಇಟ್ಟ ಬಿಲ್ಲೆ. ಹೊಳೆಯಲ್ಲಿ ಎರಡು ಮೂರು ವಾರ ಮುಳುಗಿಸಿಟ್ಟರೆ ಎಲ್ಲ ಉಬ್ಬರ-ಇಳಿತಗಳ ಸರಾಸರಿಯನ್ನು ತಾನೇ ಕೂಡಿಸಿಕೊಳ್ಳುತ್ತದೆ. ಹಗಲು ಹನ್ನೊಂದು ಗಂಟೆಗೆ ಒಂದು ಬಾಟಲಿ ತುಂಬಿಕೊಂಡು ಹೋದರೆ ಸಿಗುವುದು ಆ ಹೊತ್ತಿನ ನೀರು ಮಾತ್ರ.

ಮುಳುಗಿಸಿಡುವ ಈ ಕೆಲಸವನ್ನು ಅಘನಾಶಿನಿಯಲ್ಲಿ ಬಳಚು, ಕಲ್ವಗಳು ಮೊದಲಿನಿಂದಲೂ ಮಾಡುತ್ತಿವೆ. ಹಗಲಿರುಳು ನೀರು ಸೋಸಿ ತಿನ್ನುವ ಚಿಪ್ಪುಜೀವಿಗಳ ಮೈಯಲ್ಲಿ ನೀರಿನ ಮಾಲಿನ್ಯ ಸೇರಿಕೊಳ್ಳುತ್ತದೆ ಎಂದು ಅಮೆರಿಕದ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಕಡಲ ಕಾವಲಿಗೆ ಅವುಗಳನ್ನೇ ಬಳಸಲು ಸೂಚಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಕುಮಟಾ ಕ್ಷೇತ್ರ ಕೇಂದ್ರದವರು ಸೇರಿ ಮಾಡಿದ ಅಂದಾಜಿನಂತೆ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿ ತೆಗೆಯುತ್ತಿದ್ದರು, ಎರಡು ಸಾವಿರಕ್ಕೂ ಹೆಚ್ಚು ಜನ ಆ ಕೆಲಸದಲ್ಲಿದ್ದರು. ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಆಯುವವರಲ್ಲಿ ಹೆಂಗಸರು ಬಹಳ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ರಫ್ತಾಗುವ ಸಿಗಡಿಯಲ್ಲಿ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ ಇದೆಯೇ ಎಂದು ಯುರೋಪಿಗೆ ಕಳಿಸುವ ಮೊದಲು ಕಿಲೋಗೆ ಮೈಕ್ರೋಗ್ರಾಂನ ಭಾಗದಷ್ಟರ ಮಟ್ಟಿಗೆ ಪರೀಕ್ಷಿಸುತ್ತಾರೆ. ಅದಕ್ಕೂ ಎಸ್‌ಪಿಇ ಬಳಕೆಯಲ್ಲಿದೆ. ಕುಮಟಾ ಮಾರುಕಟ್ಟೆಯ ಬಳಚಿಗೆ ಅಷ್ಟೇ ಕಾಳಜಿ ಸಲ್ಲಬೇಕು. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದದ್ದು ಸಂತೋಷದ ಸಂಗತಿ, ಆದರೆ ಅದಕ್ಕಾಗಿ ನೋಡುವುದು ಮುಖ್ಯವಾಗಿ ಮಲಜನ್ಯ ಬ್ಯಾಕ್ಟೀರಿಯಾಗಳನ್ನು.

ಅಣುಗಳನ್ನು ಅಳೆಯುವ ಯಂತ್ರದ ಬೆಲೆ ಕೋಟಿಗಳಲ್ಲಿದೆ, ಪುರಸಭೆ ಕೊಳ್ಳಲಾಗದು. ಕೊಳ್ಳಬೇಕಾಗಿಯೂ ಇಲ್ಲ. ಎಸ್‌ಪಿಇಯ ಅತ್ಯಂತ ಉಪಯುಕ್ತ ಗುಣ ಇಲ್ಲಿದೆ: ನೀರು ಹಾಯಿಸುವ ಕೆಲಸ ಒಂದೂರಿನಲ್ಲಿ, ಅಳೆಯುವ ಕೆಲಸ ಇನ್ನೊಂದೂರಿನಲ್ಲಿ ಆಗಬಹುದು. ಒಂದು ಕೊಳವೆಗೆ ಕೆಲವು ನೂರು ರೂಪಾಯಿ. ಕುಮಟಾದ ಬಾಳಿಗಾ ಕಾಲೇಜು, ಹೊನ್ನಾವರದ ಎಸ್‌ಡಿಎಂ ಕಾಲೇಜು, ಭಟ್ಕಳದ ಅಂಜುಮನ್ ಸಂಸ್ಥೆಗಳಂಥ ಕಡೆ ನಿರ್ವಾತ ಪಂಪು, ಗಾಜಿನ ಪಾತ್ರೆ, ರಸಾಯನಶಾಸ್ತ್ರ ಬಲ್ಲ ಕೈಗಳು ಇದ್ದರೆ ಸಾಕು. ಒಂದೊಂದು ಲೀಟರಿನ ಗಾಜಿನ ಬಾಟಲಿಗಳನ್ನು ಮಂಜುಗಡ್ಡೆಯಲ್ಲಿ ಹೂತು ಹೆದ್ದಾರಿ 66ರಲ್ಲಿ ಸಾಗಿಸುವ ಬದಲು ಒಣಗಿಸಿದ ಕೊಳವೆಗಳನ್ನು ಪುಟ್ಟ ಡಬ್ಬಿಯಲ್ಲಿ ಕಳಿಸಬಹುದು. ಹೆಚ್ಚಿನ ಔಷಧಿ ಅಣುಗಳು ಪುಡಿಗೆ ಅಂಟಿದ ಸ್ಥಿತಿಯಲ್ಲಿ ಮೈನಸ್ 20 ಡಿಗ್ರಿಯಲ್ಲಿ ವಾರಗಟ್ಟಲೆ ಕೆಡದೆ ಇರುತ್ತವೆ. ನೀರಿನಲ್ಲೇ ಇದ್ದರೆ ಒಂದೆರಡು ದಿನದಲ್ಲೇ ಬ್ಯಾಕ್ಟೀರಿಯಾ ಕೆಲವನ್ನು ತಿಂದು ಮುಗಿಸುತ್ತವೆ.

ಆರಂಭಕ್ಕೆ ಮಾದರಿ ತೆಗೆಯುವ ಜಾಗಗಳೂ ಹೆಚ್ಚು ಬೇಡ. ಶರಾಬಿಯಲ್ಲಿ ಪಟ್ಟಣಕ್ಕೆ ಮೊದಲು ಒಂದು, ದಾಟಿದ ಮೇಲೆ ಒಂದು, ದಂಡೆಯ ಎರಡು ಬಾವಿ. ಶರಾವತಿಯಲ್ಲಿ ಹೊನ್ನಾವರದ ಸೇತುವೆಯ ಬಳಿ ಮತ್ತು ಕಾಸರಕೋಡು ಬಂದರಿನ ಬಳಿ. ಅಘನಾಶಿನಿಯಲ್ಲಿ ದಿವಗಿ, ಮಿರ್ಜಾನ್, ತದಡಿ. ಪ್ರತಿ ಜಾಗದಲ್ಲೂ ಇಳಿತ ಮುಗಿಯುವ ಹೊತ್ತಿಗೆ, ಲವಣಾಂಶ ಬರೆದುಕೊಂಡು. ನೀರು ಅತಿ ಕಡಿಮೆಯಿರುವ ಮೇ ಕೊನೆಯಲ್ಲಿ ಒಮ್ಮೆ, ಗುಡ್ಡದ ಮಣ್ಣು ತೊಳೆದು ಬರುವ ಜೂನ್ ಮೊದಲ ಮಳೆಗೆ ಒಮ್ಮೆ, ಹೊಳೆ ತಿಳಿಯಾಗುವ ಅಕ್ಟೋಬರಿನಲ್ಲಿ ಒಮ್ಮೆ. ಜೂನ್ ಮಾದರಿಗೆ ಸೋಸಿದ ಹಾಳೆಯನ್ನೂ ಕೊಳವೆಯ ಜತೆಗೇ ಕಳಿಸಬೇಕು.